ಹೂಕುಂಡ ಕಾಳಗ

ಫೆಬ್ರವರಿ 3

ಅಕ್ಕನಿಗೆ ನಮಸ್ಕಾರ.

ನಾನು ಕ್ಷೇಮ. ಇವಳೂ ಕ್ಷೇಮ. ನಮ್ಮ ರಸ್ತೆ ಮಾತ್ರ ಕ್ಷೇಮವಿಲ್ಲ.

ಸೋಮವಾರ ಬೆಳಿಗ್ಗೆ ಎಂದಿನಂತೆ ಡ್ರೈವಿಂಗ್ ಸ್ಕೂಲಿನ ಕಾರು ಒರೆಸಿ, ಹೊಸ ವಿದ್ಯಾರ್ಥಿನಿಯೊಬ್ಬರನ್ನು ಸ್ಟೇರಿಂಗಿನ ಮುಂದೆ ಕೂರಿಸಿಕೊಂಡು ರಸ್ತೆಯ ತುದಿಯವರೆಗೆ ಹೋದೆ. ತುದಿಯಲ್ಲಿ ರಸ್ತೆ ಇರಲಿಲ್ಲ. ಅದರ ಜಾಗದಲ್ಲಿ ಸಿಮೆಂಟಿನ ಹೂಕುಂಡಗಳು ಸಾಲಾಗಿ ಕೂತಿದ್ದವು, ಒಂದೊಂದೂ ಎಮ್ಮೆಕರುವಿನಷ್ಟು. ವಿದ್ಯಾರ್ಥಿನಿ ಗಾಬರಿಯಲ್ಲಿ ಆಕ್ಸಿಲರೇಟರ್ ತುಳಿದರು. ನಮ್ಮ ಕಾರಿನಲ್ಲಿ ಮೇಷ್ಟರ ಕಾಲಡಿಗೂ ಒಂದು ಬ್ರೇಕ್ ಇರುತ್ತದಲ್ಲ, ಅದನ್ನು ನಾನು ತುಳಿದೆ. ಗೇಣು ಅಂತರದಲ್ಲಿ ಕುಂಡವೂ ನಾನೂ ಮುಖಾಮುಖಿಯಾದೆವು. ಅದರೊಳಗೆ ಚೆಂಡುಹೂವಿತ್ತು. ಹೂವು ನಕ್ಕಂತೆ ಕಂಡಿತು.

ನಗರಸಭೆಯ ಬೋರ್ಡು ಹೇಳುವ ಪ್ರಕಾರ ಇದೊಂದು ಪ್ರಯೋಗ. ಮುಖ್ಯರಸ್ತೆಯ ಸಿಗ್ನಲ್ ತಪ್ಪಿಸಿಕೊಳ್ಳಲು ಗಾಡಿಗಳೆಲ್ಲ ನಮ್ಮ ರಸ್ತೆಗೆ ನುಗ್ಗಿ ಮಾರುಕಟ್ಟೆ ಕಡೆ ಹಾಯುತ್ತಿದ್ದವಲ್ಲ, ಇನ್ನು ಆ ದಾರಿ ಬಂದ್. ಕುಂಡಗಳ ನಡುವೆ ಸೈಕಲ್ಲು ತೂರಬಹುದು, ನಡೆಯುವವರು ತೂರಬಹುದು. ಕಾರು ಮಾತ್ರ ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ಸು ಹೋಗಬೇಕು. ಸಾಲದ್ದಕ್ಕೆ ಅಲ್ಲಲ್ಲಿ ಹಂಪುಗಳು. ಏಪ್ರಿಲ್ ಕೊನೆಗೆ ನಿವಾಸಿಗಳ ಸಭೆ ಕರೆದು, ಕೈ ಎತ್ತಿಸಿ, ಇಟ್ಟುಕೊಳ್ಳುವುದೋ ಕಿತ್ತು ಹಾಕುವುದೋ ತೀರ್ಮಾನಿಸುತ್ತಾರಂತೆ.

ಬೀದಿ ಸುಮ್ಮನಿರಬಹುದು, ನಾನು ಸುಮ್ಮನಿರಲಾರೆ. ಅಂದು ಸಂಜೆಯೇ ‘ರಸ್ತೆ ಹಕ್ಕು ಸಂರಕ್ಷಣಾ ಸಮಿತಿ’ ಜನ್ಮ ತಾಳಿತು. ಮೂಲೆಯ ಕನ್ನಡಕದ ಅಂಗಡಿಯವರು ಕಾರ್ಯದರ್ಶಿ. ಒಂದು ಕುಂಡ ಅವರ ಬಾಗಿಲಿಗೇ ಅಡ್ಡ ಕೂತಿದೆ. ಕಣ್ಣು ಕಾಣದೆ ಕನ್ನಡಕಕ್ಕೆಂದು ಬರುವ ಗಿರಾಕಿಗಳು ಮೊದಲು ಕುಂಡಕ್ಕೆ ಬರುತ್ತಾರೆ. ನನ್ನನ್ನು ಅವಿರೋಧವಾಗಿ ಅಧ್ಯಕ್ಷನನ್ನಾಗಿ ಆರಿಸಿದರು. ಸಭೆಯಲ್ಲಿ ಇದ್ದದ್ದು ನಾವಿಬ್ಬರೇ ಅನ್ನುವುದು ಬೇರೆ ವಿಷಯ.

ಈಗ ಮುಖ್ಯ ಮಾತು. ಮುಂದಿನ ಕೋಣೆಗೆ ಬಣ್ಣ ಬಳಿಸಿ ಆಯಿತು. ಕಿಟಕಿಯಿಂದ ಎದುರಿನ ಪಾರ್ಕು ಪೂರ್ತಿ ಕಾಣುತ್ತದೆ. ನಿನ್ನ ಬಾಡಿಗೆ ಮನೆಯ ಎರಡು ಮಹಡಿ ಮೆಟ್ಟಿಲು ಇನ್ನೆಷ್ಟು ದಿನ ಹತ್ತುತ್ತೀಯ? ಬಂದುಬಿಡು ಅಕ್ಕ, ಇಲ್ಲೇ ಇದ್ದುಬಿಡು. ಹೋದ ವರ್ಷ ಕೇಳಿದಾಗ ನೋಡೋಣ ಅಂದೆ. ನೋಡಿದ್ದು ಸಾಕು. ದಿನ ಹೇಳು, ಕಾರು ತರುತ್ತೇನೆ. ಫೋನ್ ಮಾಡಿದರೆ ನೀನು ಎತ್ತುವುದೇ ಇಲ್ಲ, ಅದಕ್ಕೇ ಈ ಕಾಗದ.

ನಿನ್ನ ತಮ್ಮ,
ಅಧ್ಯಕ್ಷ, ರ.ಹ.ಸಂ. ಸಮಿತಿ


ಫೆಬ್ರವರಿ 14

ಪ್ರೀತಿಯ ಡುರ್ರಣ್ಣ,

ಅಧ್ಯಕ್ಷರನ್ನು ಹೀಗೆ ಕರೆಯಬಾರದು ಅಂತ ಗೊತ್ತು. ಏನು ಮಾಡಲಿ, ಊಟದ ತಟ್ಟೆಯನ್ನೇ ಸ್ಟೇರಿಂಗ್ ಮಾಡಿಕೊಂಡು ಮನೆಯೆಲ್ಲ ಡುರ್ರ್ ಅಂತ ಓಡಿದವನನ್ನು ಕಣ್ಣಾರೆ ಕಂಡಿದ್ದೇನೆ. ಆಗಲೂ ನಿನಗೆ ಬ್ರೇಕ್ ಹಾಕುತ್ತಿದ್ದದ್ದು ಗೋಡೆಯೇ.

ಫೋನಿನ ವಿಷಯ ಬರೆದಿದ್ದೀಯ. ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯ ದಿನದವರೆಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಕಟ್ಟಿಕೊಂಡು, ಊರವರ ಮಾತನ್ನೆಲ್ಲ ಈ ತುದಿಯಿಂದ ಆ ತುದಿಗೆ ದಾಟಿಸಿದವಳು ನಾನು. ಸಾಕಾಗಿದೆ. ನನ್ನ ಜೊತೆಗೆ ನನ್ನ ಕಿವಿಗೂ ನಿವೃತ್ತಿ ಕೊಟ್ಟಿದ್ದೇನೆ ಅಂತ ತಿಳಿ. ಬರೆದರೆ ಓದುತ್ತೇನೆ. ನಿನ್ನ ಅಕ್ಷರ ಕೋಳಿ ಕೆದರಿದ ಹಾಗಿದ್ದರೂ ಎರಡನೇ ಸಲ ಓದಬಹುದಲ್ಲ.

ಕೋಣೆಯ ಬಗ್ಗೆ ನಿನ್ನ ಹೆಂಡತಿಯೂ ಹೇಳಿದ್ದಳು. ಜನವರಿಯಲ್ಲಿ ಶಿಶುವಿಹಾರದ ಟೀಚರುಗಳ ತರಬೇತಿ ಅಂತ ಈ ಊರಿಗೆ ಬಂದು ಎರಡು ದಿನ ನನ್ನ ಜೊತೆ ಇದ್ದು ಹೋದಳಲ್ಲ, ಆಗ. ಬರಲು ನನಗೆ ಮನಸ್ಸಿದೆ. ಮುಚ್ಚುಮರೆ ಯಾಕೆ, ಬಹಳ ಮನಸ್ಸಿದೆ. ಈ ಮನೆಯಲ್ಲಿ ನಾನು ಮಾತಾಡಿಸುವುದು ಮೇಜನ್ನು. ಈಚೆಗೆ ಅದೂ ಎದುರಾಡುತ್ತಿದೆ.

ಒಂದೆರಡು ಪ್ರಶ್ನೆ ಮಾತ್ರ. ನಿಮ್ಮ ಬಾಗಿಲಿಂದ ಪಾರ್ಕಿಗೆ ಹೋಗಬೇಕಾದರೆ ರಸ್ತೆ ದಾಟಬೇಕಲ್ಲ, ಗಾಡಿಗಳು ಯಾವ ಕಡೆಯಿಂದ ಬರುತ್ತವೆ? ಬೆನ್ನ ಹಿಂದಿನಿಂದ ಬರುವಂಥವು ಎಷ್ಟು? ಫುಟ್‌ಪಾತಿನ ಮೇಲೆ ಮನುಷ್ಯರು ನಡೆಯುತ್ತಾರೋ, ಸ್ಕೂಟರುಗಳು ಮಲಗಿವೆಯೋ? ಕುಂಡ ಬಂದಮೇಲೆ ನಿಜವಾಗಿ ಗಾಡಿ ಕಮ್ಮಿಯಾಗಿದೆಯಾ? ತಮಾಷೆ ಬಿಟ್ಟು ಇಷ್ಟಕ್ಕೆ ಉತ್ತರ ಬರಿ.

ನಿನ್ನ ಅಕ್ಕ


ಮಾರ್ಚ್ 1

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಓದಿ ಕಣ್ಣು ತೇವವಾಯಿತು. ನಾನು ಯಾವ ವಿಷಯಕ್ಕೆ ಹೋರಾಡುತ್ತಿದ್ದೇನೋ ನಿನ್ನ ಚಿಂತೆಯೂ ಅದೇ. ಕುಂಡ ಅಡ್ಡ ಇರುವಾಗ ಕಾರು ಮನೆಬಾಗಿಲಿಗೆ ಬರುತ್ತದೋ ಇಲ್ಲವೋ, ಸ್ಟೇಷನ್ನಿನಿಂದ ಬಂದವಳು ಬೀದಿಯ ತುದಿಯಲ್ಲೇ ಇಳಿದು ಪೆಟ್ಟಿಗೆ ಹೊತ್ತು ನಡೆಯಬೇಕೋ ಅಂತ ತಾನೇ ನಿನ್ನ ಪ್ರಶ್ನೆಗಳ ಸಾರ? ಹೆದರಬೇಡ. ಈಗ ಮಾರುಕಟ್ಟೆ ಸುತ್ತಿ ಆ ಕಡೆಯಿಂದ ಬರಬೇಕಾಗಿದೆ ನಿಜ. ಏಪ್ರಿಲ್ ಸಭೆಯ ಮರುದಿನ ಕುಂಡಗಳು ನೆಲ ಬಿಡುತ್ತವೆ, ನಿನ್ನ ಕಾಲು ನೆಲ ಮುಟ್ಟುವುದಿಲ್ಲ.

ನನ್ನ ಸಿದ್ಧಾಂತ ಸರಳ. ಬ್ರೇಕ್ ಹಾಕಬೇಕಾದದ್ದು ಚಾಲಕ. ರಸ್ತೆಯೇ ಬ್ರೇಕ್ ಹಾಕತೊಡಗಿದರೆ ನಾನು ಇಷ್ಟು ವರ್ಷ ಕಲಿಸಿದ್ದು ಯಾವ ವಿದ್ಯೆ? ಈ ಊರಿನ ಅರ್ಧ ಜನ ಮೊದಲ ಸಲ ಗೇರ್ ಬದಲಿಸಿದ್ದು ನಮ್ಮ ರಸ್ತೆಯಲ್ಲಿ. ಹಾರ್ನ್ ಹೊಡಿ, ದಾರಿ ಬಿಡುತ್ತಾರೆ; ಬಿಡದಿದ್ದರೆ ಇನ್ನೊಮ್ಮೆ ಹೊಡಿ. ಇದು ನಮ್ಮ ಸ್ಕೂಲಿನ ಮೊದಲ ಪಾಠ, ಗೋಡೆಯ ಮೇಲೂ ಬರೆಸಿದ್ದೇನೆ. ಕುಂಡಕ್ಕೆ ಎಷ್ಟು ಹಾರ್ನ್ ಹೊಡೆದರೂ ಅದು ದಾರಿ ಬಿಡುವುದಿಲ್ಲ. ಇಂಥ ಅಶಿಸ್ತನ್ನು ನಾನು ಜೀವಮಾನದಲ್ಲಿ ಕಂಡಿಲ್ಲ.

ಎದುರು ಪಕ್ಷವೂ ಹುಟ್ಟಿಕೊಂಡಿದೆ. ಹಲ್ಲಿನ ಡಾಕ್ಟರಮ್ಮ ಅದರ ನಾಯಕಿ. ಬೆಳಿಗ್ಗೆ ಸೈಕಲ್ಲಿನಲ್ಲಿ ಕ್ಲಿನಿಕ್ಕಿಗೆ ಹೋಗುತ್ತಾರೆ, ದಿನವಿಡೀ ಜನರ ಬಾಯಿ ತೆರೆಸಿ ಕುಂಡದ ಮಹಿಮೆ ಹೇಳುತ್ತಾರೆ. ಬಾಯಿ ತುಂಬ ಹತ್ತಿ ಇರುವವನು ಏನಂತ ವಾದಿಸಿಯಾನು? ಈಚೆಗೆ ಆ ಪಕ್ಷಕ್ಕೆ ಒಬ್ಬ ಉಪಾಧ್ಯಕ್ಷೆ ಕೂಡ ಸಿಕ್ಕಿದ್ದಾರೆ. ನೀಲಿ ಸೈಕಲ್ ಒಂದನ್ನು ಕೊಂಡಿದ್ದಾರೆ. ಮಹಾ ಮಾತುಗಾತಿ. ನಾನು ಬಾಯಿ ತೆರೆಯುವ ಮೊದಲೇ ನನ್ನ ವಾದ ಅವರಿಗೆ ಗೊತ್ತಿರುತ್ತದೆ, ಅದು ಹೇಗೋ ಕಾಣೆ.

ಇವಳು ಕ್ಷೇಮ. ಮನೆಯಲ್ಲಿ ಮಾತು ಸ್ವಲ್ಪ ಕಡಿಮೆ.

ನಿನ್ನ ತಮ್ಮ,
ಅಧ್ಯಕ್ಷ


ಮಾರ್ಚ್ 12

ಪ್ರೀತಿಯ ಡುರ್ರಣ್ಣ,

ನೀನು ಬಾಯಿ ತೆರೆಯುವ ಮೊದಲೇ ನಿನ್ನ ವಾದ ಬಲ್ಲ ಹೆಂಗಸರು ಪ್ರಪಂಚದಲ್ಲಿ ಇಬ್ಬರೇ. ಒಬ್ಬಳು ಇಲ್ಲಿ ಕೂತು ಕಾಗದ ಬರೆಯುತ್ತಿದ್ದಾಳೆ. ಇನ್ನೊಬ್ಬಳು ನೀಲಿ ಸೈಕಲ್ ಕೊಂಡಿದ್ದಾಳೆ. ಮನೆಯ ಮಾತು ಕಡಿಮೆಯಾದದ್ದು ಈಗ ಅರ್ಥವಾಯಿತು. ಬೀದಿಯಲ್ಲಿ ಖರ್ಚಾಗಿ ಹೋದರೆ ಮನೆಗೆ ಎಲ್ಲಿ ಉಳಿಯಬೇಕು?

ಅವಳ ಮೇಲೆ ಮುನಿಸಿಕೊಳ್ಳಬೇಡ. ಇದನ್ನು ಅಕ್ಕನ ಅಪ್ಪಣೆ ಅಂತಲೇ ಓದಿಕೋ.

ನಾನು ಕೇಳಿದ್ದು ಕಾರು ಬಾಗಿಲಿಗೆ ಬರುತ್ತದೆಯೇ ಅಂತ ಅಲ್ಲವೋ. ನೀನು ಕಾಗದವನ್ನೂ ಗಾಡಿಯ ಹಾಗೇ ಓಡಿಸುತ್ತೀಯ, ಪಕ್ಕದಲ್ಲಿ ಏನಿದೆ ನೋಡುವುದಿಲ್ಲ. ಒಬ್ಬ ಹೆಂಗಸು, ವಯಸ್ಸಾದವಳು ಅಂತಲೇ ಇಟ್ಟುಕೋ, ಮನಸ್ಸು ಬಂದಾಗ ಚಪ್ಪಲಿ ಮೆಟ್ಟಿಕೊಂಡು, ಯಾರನ್ನೂ ಜೊತೆಗೆ ಕರೆಯದೆ, ನಿಮ್ಮ ರಸ್ತೆಯಲ್ಲಿ ಒಂದು ಸುತ್ತು ನಡೆದು ಬರಬಹುದೇ? ಹಿಂದೆ ತಿರುಗಿ ತಿರುಗಿ ನೋಡದೆ? ಇಷ್ಟೇ ನನಗೆ ಬೇಕಾದದ್ದು.

ಇಲ್ಲಿ ನಾನು ಹೊರಗೆ ಹೋಗುವುದು ಈಚೆಗೆ ಕಡಿಮೆ. ಮೆಟ್ಟಿಲಿನ ಕಾಟ ಅನ್ನು. ಬಾಲ್ಕನಿಯಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಡುತ್ತೇನೆ, ತರಕಾರಿಯವಳು ತುಂಬಿ ಕೈ ಬೀಸುತ್ತಾಳೆ, ನಾನು ಎಳೆದುಕೊಳ್ಳುತ್ತೇನೆ. ಬಾವಿಯಿಂದ ಬದನೆಕಾಯಿ ಸೇದಿದ ಹಾಗೆ. ಅವಳು ಕೆಳಗಿನಿಂದ ಏನೇನೋ ಹೇಳುತ್ತಾಳೆ, ನಾನು ತಲೆ ಆಡಿಸುತ್ತೇನೆ. ಮೊನ್ನೆ ಹಾಗೆ ತಲೆ ಆಡಿಸಿದ್ದಕ್ಕೆ ಬುಟ್ಟಿ ತುಂಬ ಹಾಗಲಕಾಯಿ ಬಂತು.

ನಿನ್ನ ಅಕ್ಕ


ಮಾರ್ಚ್ 25

ಅಕ್ಕನಿಗೆ ನಮಸ್ಕಾರ.

ಮೊದಲು ಒಪ್ಪಿಗೆ. ಹೌದು, ಉಪಾಧ್ಯಕ್ಷೆ ಇವಳೇ. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಕೇಳಿದ್ದೆ; ಈಗ ಅಂಥವಳ ಕೈಯಿಂದಲೇ ದಿನಾ ಬಡಿಸಿಕೊಂಡು ಉಣ್ಣುತ್ತಿದ್ದೇನೆ. ಯಾಕೆ ಹೀಗೆ ಅಂತ ಕೇಳಿದರೆ ಕಾರಣ ಹೇಳುವುದಿಲ್ಲ. ಕುಂಡ ಬೇಕು, ಅಷ್ಟೆ, ಅನ್ನುತ್ತಾಳೆ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಕಾರಣ ಹೇಳದೆ ಜಗಳ ಆಡಿದ್ದು ಇದೇ ಮೊದಲು. ಕಾರಣವಿದ್ದರೆ ಖಂಡಿಸಬಹುದಿತ್ತು.

ಎರಡನೆಯದು, ನನ್ನ ಕಾಲು ಉಳುಕಿದೆ. ಮೊಣಕೈ ತರಚಿದೆ. ಇದು ಸಮಿತಿಯ ಕರ್ತವ್ಯದ ಮೇಲಿದ್ದಾಗ ಆದದ್ದು. ಸೈಕಲ್ ಸವಾರಿಯ ಅಪಾಯಗಳನ್ನು ಸ್ವತಃ ಪರೀಕ್ಷಿಸಿ ಸಭೆಯ ಮುಂದಿಡಬೇಕೆಂದು ಕಾರ್ಯದರ್ಶಿಗಳು ಸೂಚಿಸಿದರು. ನನಗೆ ಸೈಕಲ್ ಬರುವುದಿಲ್ಲ ಅಂತ ಅವರಿಗೆ ಹೇಗೆ ಹೇಳಲಿ? ಚಿಕ್ಕಂದಿನಲ್ಲಿ ತುಳಿದವಳು ನೀನು, ಹಿಂದಿನ ಕ್ಯಾರಿಯರ್ ಮೇಲೆ ಕೂತು ಬರೀ ಸದ್ದು ಮಾಡಿದವನು ನಾನು. ಊರಿಗೆಲ್ಲ ಕಾರು ಕಲಿಸಿದ ಮೇಷ್ಟರ ಈ ಗುಟ್ಟು ನಿನ್ನಲ್ಲೇ ಇರಲಿ. ಇವಳು ಸ್ನಾನಕ್ಕೆ ಹೋದ ಸಮಯ ನೋಡಿ ನೀಲಿ ಸೈಕಲ್ಲನ್ನು ಹೊರಗೆ ತಂದೆ. ಆಶ್ಚರ್ಯವೆಂದರೆ ಅದು ಓಡಿತು. ನಿಲ್ಲಿಸುವ ಪ್ರಸಂಗ ಬಂದಾಗ ತೊಂದರೆ. ಗಾಡಿ ನಿಲ್ಲಬೇಕು ಅನ್ನಿಸಿದ ಕೂಡಲೇ ನನ್ನ ಬಲಗಾಲು ತಾನಾಗಿ ಕೆಳಗೆ ತುಳಿಯುತ್ತದೆ, ಅದು ವೃತ್ತಿ ಕೊಟ್ಟ ಅಭ್ಯಾಸ. ಸಿನಿಮಾ ನೋಡುವಾಗಲೂ ತುಳಿಯುತ್ತದೆ. ಸೈಕಲ್ಲಿನಲ್ಲಿ ಮಾತ್ರ ತುಳಿದರೆ ಮುಂದಕ್ಕೆ ಹೋಗುತ್ತದೆ. ಇಂಥ ಮೂಲಭೂತ ದೋಷವನ್ನು ಇಲ್ಲಿಯವರೆಗೆ ಯಾರೂ ತಿದ್ದಿಲ್ಲವಲ್ಲ. ನಿಲ್ಲಲೆಂದು ತುಳಿದೆ, ಓಡಿತು. ಖಂಡಿತವಾಗಿ ನಿಲ್ಲಲೆಂದು ಜೋರಾಗಿ ತುಳಿದೆ, ಹಾರಿತು. ತುದಿಯಲ್ಲಿದ್ದ ಹೂಕುಂಡ ನನಗೆ ಬಂದು ಬಡಿಯಿತು.

ಹೌದು, ಅದು ನನಗೆ ಬಡಿಯಿತು. ‘ಕುಂಡಗಳಿಂದಾದ ಅಪಘಾತ’ ಅಂತಲೇ ನಮ್ಮ ಮನವಿಯಲ್ಲಿ ಸೇರಿಸಿದ್ದೇವೆ.

ಹಲ್ಲಿನ ಡಾಕ್ಟರಮ್ಮನೇ ಓಡಿ ಬಂದು ಎತ್ತಿದರು. ಹಲ್ಲು ಸರಿಯಿದೆಯಾ ಅಂತ ಬಾಯಿ ತೆರೆಸಿ ನೋಡಿದರು. ಆ ಸ್ಥಿತಿಯಲ್ಲೂ ನಾನು ನನ್ನ ನಿಲುವು ಬದಲಿಸಲಿಲ್ಲ.

ಕೊನೆಯದಾಗಿ ಶುಭವಾರ್ತೆ. ತಲೆ ಲೆಕ್ಕ ಹಾಕಿದೆವು, ಬಹುಮತ ನಮ್ಮ ಕಡೆಗಿದೆ. ನೀನು ಬರುವ ಹೊತ್ತಿಗೆ ನಮ್ಮ ರಸ್ತೆ ಮೊದಲಿನ ಹಾಗೆ ತುಂಬಿ ಹರಿಯುತ್ತಿರುತ್ತದೆ. ಕಿಟಕಿಯಲ್ಲಿ ಕೂತರೆ ಸಾಕು, ಹೊತ್ತು ಹೋದದ್ದೇ ತಿಳಿಯುವುದಿಲ್ಲ. ನಡೆಯುವ ಮಾತು ಯಾಕೆ? ಕಾರಿದೆ, ನಾನಿದ್ದೇನೆ. ದಿನ ಹೇಳು.

ನಿನ್ನ ತಮ್ಮ,
ಅಧ್ಯಕ್ಷ (ಗಾಯಾಳು)


ಏಪ್ರಿಲ್ 2

ಪ್ರೀತಿಯ ತಮ್ಮನಿಗೆ,

ಕಾಲಿಗೆ ಎಣ್ಣೆ ಹಚ್ಚಿ ನೀವಿಸಿಕೋ.

ನಾನು ಬರುವುದಿಲ್ಲ. ಯೋಚನೆ ಮಾಡಿಯೇ ಬರೆಯುತ್ತಿದ್ದೇನೆ. ಇಲ್ಲಿ ಎಲ್ಲ ಅಭ್ಯಾಸವಾಗಿದೆ. ಆ ಕೋಣೆಯನ್ನು ನಿನ್ನ ಸಮಿತಿಯ ಆಫೀಸು ಮಾಡಿಕೋ.

ಅಕ್ಕ


ಏಪ್ರಿಲ್ 8

ಅಕ್ಕನಿಗೆ,

ನಿನ್ನ ಕಾಗದ ತಲುಪಿತು. ಓದಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಜನವರಿಯಲ್ಲಿ ಎರಡು ದಿನ ಇವಳು ನಿನ್ನ ಮನೆಯಲ್ಲಿದ್ದಳು. ವಾಪಸ್ಸು ಬಂದವಳು ಬೇರೆಯೇ ಹೆಂಗಸು. ಕುಂಡ ಬಂದ ತಿಂಗಳಲ್ಲೇ ಎದುರು ಪಕ್ಷಕ್ಕೆ ಹೋದಳು. ಈಗ ನೀನೂ ಬರುವುದಿಲ್ಲ ಅನ್ನುತ್ತೀಯ. ಇಬ್ಬರೂ ಕೂತು ಏನು ಮಾತಾಡಿಕೊಂಡಿರಿ ಅಂತ ನಾನು ಕೇಳುವುದಿಲ್ಲ. ನಾನು ಗಾಡಿ ಓಡಿಸುವವನು, ಹಿಂದಿನ ಸೀಟಿನವರ ಮಾತಿಗೆ ಕಿವಿ ಕೊಡಬಾರದು.

ಆದರೆ ಅಕ್ಕ, ನಿನ್ನನ್ನು ಒಬ್ಬಳನ್ನೇ ಅಲ್ಲಿ ಬಿಟ್ಟು ನನಗೆ ಊಟ ಸೇರುತ್ತಿಲ್ಲ. ಇದರಲ್ಲಿ ತಮಾಷೆ ಇಲ್ಲ.

ಕೋಣೆಗೆ ಬೀಗ ಹಾಕಿದ್ದೇನೆ. ಸಮಿತಿಗೆ ಕೊಡುವುದಿಲ್ಲ.

ನಿನ್ನ ತಮ್ಮ


ಏಪ್ರಿಲ್ 19

ಡುರ್ರಣ್ಣ,

ನಿನ್ನ ಕಾಗದ ಬಂದು ದಿನಗಳಾದವು. ಬರೆಯಲು ಕೂತೆ, ಎದ್ದೆ, ಮತ್ತೆ ಕೂತೆ. ಬೀಗದ ವಿಷಯ ನೀನು ಬರೆಯದಿದ್ದರೆ ಇನ್ನೂ ಎದ್ದೇ ಇರುತ್ತಿದ್ದೆನೋ ಏನೋ.

ನನಗೆ ಕಿವಿ ಕೇಳಿಸುವುದಿಲ್ಲ ಕಣೋ. ಕಿವಿಗೂ ನಿವೃತ್ತಿ ಕೊಟ್ಟಿದ್ದೇನೆ ಅಂತ ತಮಾಷೆಯಾಗಿ ಬರೆದಿದ್ದೆನಲ್ಲ, ಅದು ತಮಾಷೆಯಲ್ಲ. ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಗೆ ಪಾತ್ರೆ ಬಿದ್ದರೆ ತಿಳಿಯುತ್ತದೆ, ಮನುಷ್ಯರ ಮಾತು ತಿಳಿಯುವುದಿಲ್ಲ. ಫೋನ್ ಎತ್ತದೆ ಇರುವುದು ಅದಕ್ಕೇ. ಕಿವಿಗೆ ಹಾಕುವ ಮಿಷನ್ ಇದೆ. ಅದು ಎಲ್ಲ ಸದ್ದನ್ನೂ ಒಟ್ಟಿಗೆ ಸುರಿಯುತ್ತದೆ, ಯಾವುದು ಯಾವ ಕಡೆಯಿಂದ ಬಂತು ಅಂತ ಹೇಳುವುದಿಲ್ಲ. ಎಕ್ಸ್‌ಚೇಂಜಿನಲ್ಲಿ ಅಂಥ ಕೆಲಸ ಮಾಡಿದ್ದರೆ ಮೊದಲ ದಿನವೇ ಮನೆಗೆ ಕಳಿಸುತ್ತಿದ್ದರು.

ಜನವರಿಯಲ್ಲಿ ನಿನ್ನ ಹೆಂಡತಿಯೂ ನಾನೂ ಪೇಟೆಗೆ ಹೋಗಿದ್ದೆವು. ಅವಳು ಅಂಗಡಿಯೊಂದರ ಮುಂದೆ ಹಿಂದುಳಿದಳು, ನಾನು ನಡೆಯುತ್ತಿದ್ದೆ. ಹಿಂದಿನಿಂದ ಒಬ್ಬ ಸ್ಕೂಟರಿನವನು ಹಾರ್ನ್ ಹೊಡೆದನಂತೆ. ಮತ್ತೆ ಹೊಡೆದನಂತೆ. ದಾರಿ ಬಿಡುತ್ತಾಳೆ ಅಂತ ನಂಬಿಕೊಂಡೇ ಬಂದ. ಕೊನೆಗೆ ತಿರುಗಿಸಿಕೊಂಡು ಬಿದ್ದ. ನನ್ನ ಸೆರಗು ಹಿಡಿಕೆಗೆ ಸಿಕ್ಕಿ ಹರಿಯಿತು, ಅಷ್ಟರಲ್ಲಿ ಹೋಯಿತು. ಅವನು ಎದ್ದು ನಿಂತು ಬೈದ. ನನಗೆ ಕಂಡದ್ದು ಬಾಯಿ ತೆರೆದು ಮುಚ್ಚುವುದು ಮಾತ್ರ. ಲೈನ್ ಸತ್ತ ಮೇಲೂ ಆ ತುದಿಯಲ್ಲಿ ಯಾರೋ ಮಾತಾಡುತ್ತಲೇ ಇರುತ್ತಾರಲ್ಲ, ಹಾಗೆ. ಆಮೇಲೆ ನಾನು ಬೀದಿಗೆ ಇಳಿದಿಲ್ಲ. ಬುಟ್ಟಿ ಇಳಿಯುತ್ತದೆ, ನಾನು ಇಳಿಯುವುದಿಲ್ಲ.

ನಿನಗೆ ಹೇಳಬೇಡ ಅಂತ ಅವಳಿಂದ ಮಾತು ತೆಗೆದುಕೊಂಡೆ. ನಿನ್ನ ಪ್ರೀತಿ ನನಗೆ ಗೊತ್ತಿಲ್ಲವೇ? ತಿಳಿದ ದಿನವೇ ಕಾರು ತಂದು, ನನ್ನನ್ನು ಗಾಜಿನ ಸಾಮಾನಿನ ಹಾಗೆ ಸೀಟಿಗೆ ಕಟ್ಟಿ, ಆ ಬಾಗಿಲಿಂದ ಈ ಬಾಗಿಲಿಗೆ ಸಾಗಿಸುತ್ತೀಯ. ಉಳಿದ ಆಯುಸ್ಸನ್ನೆಲ್ಲ ಕಿಟಕಿಯಲ್ಲಿ ಕೂರಿಸುತ್ತೀಯ. ನನಗೆ ನಡೆಯಬೇಕೋ. ಯಾರ ತೋಳೂ ಹಿಡಿಯದೆ.

ನಿಮ್ಮ ಬೀದಿಗೆ ಕುಂಡ ಬಂತು ಅಂತ ಓದಿದಾಗ, ನಾನು ನಡೆಯಬಹುದಾದ ಒಂದು ರಸ್ತೆಯಾದರೂ ಉಂಟಾಯಿತು ಅಂದುಕೊಂಡೆ. ಅದಕ್ಕೇ ಅಷ್ಟು ಪ್ರಶ್ನೆ ಕೇಳಿದ್ದು. ನೀನು ಅದನ್ನು ಕೀಳಿಸಿಯೇ ಸಿದ್ಧ ಅಂತ ಬರೆದೆ. ಹಾಗಾದರೆ ಇಲ್ಲಿನ ಬಾಲ್ಕನಿಗೂ ಅಲ್ಲಿನ ಕಿಟಕಿಗೂ ಏನು ವ್ಯತ್ಯಾಸ?

ನಿನ್ನ ಹೆಂಡತಿ ಕಾರಣ ಹೇಳುವುದಿಲ್ಲ ಅಂತ ದೂರಿದ್ದೀಯ. ಕಾರಣ ನಾನು. ನಿನ್ನ ಕೋಪವನ್ನೆಲ್ಲ ನುಂಗಿಕೊಂಡು ಕೊಟ್ಟ ಮಾತು ಉಳಿಸಿಕೊಂಡಿದ್ದಾಳೆ. ಇಂದಿಗೆ ಅವಳನ್ನು ಬಿಡುಗಡೆ ಮಾಡಿದ್ದೇನೆ.

ಹಾರ್ನ್ ಹೊಡಿ, ದಾರಿ ಬಿಡುತ್ತಾರೆ ಅಂತ ಗೋಡೆಯ ಮೇಲೆ ಬರೆಸಿದ್ದೀಯಲ್ಲ. ನಾನು ಬಿಡುವುದಿಲ್ಲ ಕಣೋ. ಹಟಕ್ಕಲ್ಲ.

ನಿನ್ನ ಅಕ್ಕ


ಏಪ್ರಿಲ್ 29

ಅಕ್ಕಾ,

ನಾನು ಈ ಕಾಗದವನ್ನು ಅಧ್ಯಕ್ಷನಾಗಿ ಬರೆಯುತ್ತಿಲ್ಲ. ಕಾರಣ ಮುಂದೆ ಬರುತ್ತದೆ.

ನಿನ್ನ ಕಾಗದ ಓದಿ ಅಡುಗೆಮನೆಗೆ ಹೋದೆ. ಇವಳು ಈರುಳ್ಳಿ ಹೆಚ್ಚುತ್ತಿದ್ದಳು, ಅದು ಅನುಕೂಲವಾಯಿತು, ಇಬ್ಬರಿಗೂ ಕಣ್ಣೊರೆಸಿಕೊಳ್ಳಲು ನೆಪ ಸಿಕ್ಕಿತು. ಯಾಕೆ ಹೇಳಲಿಲ್ಲ ಅಂತ ಕೇಳಿದೆ.

“ಅತ್ತಿಗೆಗೆ ಮಾತು ಕೊಟ್ಟಿದ್ದೆ,” ಅಂದಳು. “ನಿಮಗೆ ಜೀವನವನ್ನೇ ಕೊಟ್ಟಿದ್ದೀನಲ್ಲ, ಒಂದು ವೋಟು ಕೊಡದಿದ್ರೆ ಏನೀಗ?”

ನಾನೂ ಒಂದು ಈರುಳ್ಳಿ ಎತ್ತಿಕೊಂಡು ಹೆಚ್ಚಲು ಕೂತೆ.

ನಾನು ಯಾವುದನ್ನೂ ಓಡಿಸಿ ನೋಡದೆ ನಂಬುವವನಲ್ಲ, ನಿನಗೆ ಗೊತ್ತು. ಮರುದಿನ ಎರಡೂ ಕಿವಿಗೆ ಹತ್ತಿ ತುರುಕಿ, ಮೇಲೆ ಮಫ್ಲರ್ ಸುತ್ತಿ, ಮೊದಲು ಮುಖ್ಯರಸ್ತೆಗೆ ಹೋದೆ. ಅಂಚಿನಲ್ಲೇ ನಡೆದೆ. ಬಸ್ಸೊಂದು ಪಕ್ಕದಲ್ಲಿ ಬಂದು ನಿಂತ ಮೇಲೆ ಅದು ಬಸ್ಸು ಅಂತ ತಿಳಿಯಿತು. ಕಾರುಗಳು ಬೆನ್ನ ಹಿಂದೆ ಹುಟ್ಟಿ ಕಣ್ಣ ಮುಂದೆ ಮಾಯವಾಗುತ್ತಿದ್ದವು. ನನ್ನ ಬಲಗಾಲು ನೆಲದಲ್ಲಿ ಬ್ರೇಕ್ ಹುಡುಕತೊಡಗಿತು. ಎರಡು ಅಂಗಡಿ ದಾಟುವಷ್ಟರಲ್ಲಿ ಬೆವರಿ ಕಂಬ ಹಿಡಿದುಕೊಂಡೆ. ಆ ಸ್ಕೂಟರಿನವನು ನನ್ನ ಸ್ಕೂಲಿನಲ್ಲಿ ಕಲಿತವನಲ್ಲ, ನಿನ್ನ ಊರಿನವನು. ಆದರೂ ಅವನಿಗೆ ಆ ಪಾಠ ಕಲಿಸಿದವನು ನನ್ನಂಥ ಮೇಷ್ಟರೇ ಅಲ್ಲವೇ? ಗೋಡೆಯ ಮೇಲಿನ ಬರಹಕ್ಕೆ ಅದೇ ದಿನ ಸುಣ್ಣ ಹೊಡೆಸಿದೆ.

ಆಮೇಲೆ ಹತ್ತಿ ತೆಗೆಯದೆಯೇ ಕುಂಡಗಳ ನಡುವೆ ತೂರಿ ನಮ್ಮ ರಸ್ತೆಗೆ ಬಂದೆ. ನಡೆದೆ. ಏನೂ ಕೇಳಿಸಲಿಲ್ಲ, ಏನೂ ಬರಲಿಲ್ಲ. ಸುಮಾರು ಅರ್ಧ ರಸ್ತೆ ಬಂದ ಮೇಲೆ, ನಾನು ಹಿಂದೆ ತಿರುಗಿ ನೋಡಿಯೇ ಇಲ್ಲ ಅನ್ನುವುದು ನೆನಪಾಯಿತು. ಅಷ್ಟರಲ್ಲಿ ಇವಳು ಸೈಕಲ್ಲಿನಲ್ಲಿ ಬಂದಳು. ಹಿಂದಿನಿಂದ ಬೆಲ್ ಹೊಡೆಯಲಿಲ್ಲ. ದೂರದಿಂದ ಸುತ್ತಿಕೊಂಡು ನನ್ನ ಎದುರಿಗೆ ಬಂದು, ಕಣ್ಣಿಗೆ ಬಿದ್ದ ಮೇಲೆ ಇಳಿದಳು. ಹೀಗೆ ಬರುವುದನ್ನು ಅವಳು ಸೈಕಲ್ ಕೊಂಡ ದಿನದಿಂದಲೇ ಅಭ್ಯಾಸ ಮಾಡುತ್ತಿದ್ದಾಳಂತೆ, ನಿನಗೆಂದು. ಶಿಶುವಿಹಾರದ ಮಕ್ಕಳಿಗೂ ಕಲಿಸಿದ್ದಾಳಂತೆ.

ಇನ್ನು ಸಭೆ. ನಿನ್ನೆ ಸಂಜೆ ಶಿಶುವಿಹಾರದ ಹಾಲಿನಲ್ಲಿ ಸೇರಿತು. ಅಲ್ಲಿರುವುದು ಪುಟ್ಟ ಮಕ್ಕಳ ಕುರ್ಚಿಗಳು. ಎರಡೂ ಪಕ್ಷದವರು ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತರು. ಆ ಭಂಗಿಯಲ್ಲಿ ಎಷ್ಟು ಕೋಪ ಬಂದರೂ ಪ್ರಯೋಜನವಿಲ್ಲ, ಎದ್ದರೆ ಕುರ್ಚಿಯೂ ಜೊತೆಗೆ ಏಳುತ್ತದೆ. ನಗರಸಭೆಯ ಇಂಜಿನಿಯರು ಮುಂದೆ ಕೂತಿದ್ದರು. ನಮ್ಮ ಕಾರ್ಯದರ್ಶಿಗಳು ನನ್ನನ್ನು ರಸ್ತೆಯ ಸಿಂಹ ಎಂದು ವರ್ಣಿಸಿ, ನನ್ನ ಗಾಯವನ್ನೂ ನೆನೆದು, ಮಾತಿಗೆ ಕರೆದರು. ಬರೆದುಕೊಂಡ ಭಾಷಣ ಜೇಬಿನಲ್ಲಿತ್ತು. ತೆಗೆಯಲಿಲ್ಲ.

“ನಮ್ಮ ಅಕ್ಕ ಇಲ್ಲಿ ಇರೋಕೆ ಬರಬೇಕು ಅಂತ ನನ್ನಾಸೆ,” ಅಂದೆ. “ಅವಳಿಗೆ ಕಿವಿ ಕೇಳಿಸೋದಿಲ್ಲ. ಹಾರ್ನ್ ಹೊಡೀರಿ, ದಾರಿ ಬಿಡ್ತಾರೆ ಅಂತ ನಿಮಗೆಲ್ಲ ಕಲಿಸಿದವನು ನಾನೇ. ಅವಳು ದಾರಿ ಬಿಡೋದಿಲ್ಲ, ಅವಳಿಗೆ ಗೊತ್ತೇ ಆಗೋದಿಲ್ಲ. ಕುಂಡ ಇರಲಿ.”

ಕಾರ್ಯದರ್ಶಿಗಳು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನನ್ನನ್ನೇ ನೋಡಿದರು, ತಪ್ಪು ನಂಬರಿನ ಗಾಜು ಹಾಕಿಕೊಂಡವರ ಹಾಗೆ. ಅಧ್ಯಕ್ಷರೇ, ಇದು ಯಾವ ಪಕ್ಷದ ಭಾಷಣ ಅಂತ ಕೇಳಿದರು. ನಾನು ಅಲ್ಲೇ ರಾಜೀನಾಮೆ ಕೊಟ್ಟೆ. ಕೈ ಎತ್ತಲು ಹೇಳಿದಾಗ ಮೊದಲು ಎತ್ತಿದವನು ನಾನು. ಆ ಹಾಲಿನ ಮುಕ್ಕಾಲು ಜನ ನನ್ನ ಕಾರಿನಲ್ಲೇ ಕಲಿತವರು ನೋಡು, ಮೇಷ್ಟ್ರು ಕೈ ತೋರಿಸಿದರೆ ಆ ಕಡೆ ತಿರುಗಿ ಅಭ್ಯಾಸವಾದವರು. ಬಹಳ ಕೈಗಳು ಮೇಲೆದ್ದವು. ಕೆಲವು ಏಳಲಿಲ್ಲ. ಒಬ್ಬರು ಕೋಪದಲ್ಲಿ ಎದ್ದು ಹೊರಟರು, ಬಾಗಿಲವರೆಗೆ ಕುರ್ಚಿಯೂ ಹೋಯಿತು. ಕಾರ್ಯದರ್ಶಿಗಳ ಕೈ ಮಾತ್ರ ಅರ್ಧಕ್ಕೆ ನಿಂತಿತ್ತು. ಅಂಗಡಿಯ ಮುಂದಿನ ಕುಂಡವನ್ನು ಪಕ್ಕಕ್ಕೆ ಸರಿಸಬೇಕು ಅಂತ ನಾನು ಸೂಚಿಸಿದೆ, ಹಲ್ಲಿನ ಡಾಕ್ಟರಮ್ಮ ಅನುಮೋದಿಸಿದರು, ಕೈ ಪೂರ್ತಿ ಮೇಲೆದ್ದಿತು. ಇಂಜಿನಿಯರು ಇನ್ನು ಇದು ಕಾಯಂ ಅಂತ ಬರೆದುಕೊಂಡರು.

ಆಮೇಲೆ ಡಾಕ್ಟರಮ್ಮ ಕುಂಡಗಳಿಗೆ ನೀರು ಹಾಕುವ ಉಸ್ತುವಾರಿಯನ್ನು ನನ್ನ ತಲೆಗೆ ಕಟ್ಟಿದರು. ಅವಿರೋಧವಾಗಿ.

ನಿನ್ನ ಗುಟ್ಟನ್ನು ನಿನ್ನನ್ನು ಕೇಳದೆ ಬೀದಿಗೆಲ್ಲ ಸಾರಿಬಿಟ್ಟೆ. ಬೈಯುವುದಿದ್ದರೆ ಬಂದೇ ಬೈ. ಕೋಣೆಯ ಬೀಗ ತೆಗೆದಿದೆ. ಕಿಟಕಿಯ ಹತ್ತಿರ ಇಟ್ಟಿದ್ದ ಕುರ್ಚಿಯನ್ನು ಹೊರಗೆ ಹಾಕಿದ್ದೇನೆ. ಅಲ್ಲಿ ಈಗ ಚಪ್ಪಲಿ ಇಡುವ ಸ್ಟ್ಯಾಂಡು ಇದೆ.

ನಿನ್ನ ತಮ್ಮ,
ಮಾಜಿ


ಮೇ 6

ಪ್ರೀತಿಯ ಡುರ್ರಣ್ಣ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಅಕ್ಷರಕ್ಕಾಗಿ, ಉಳಿದದ್ದು ಸುಖಕ್ಕಾಗಿ.

ಬೈಯುವುದಿಲ್ಲ. ನೀನು ಬೀದಿಗೆ ಸಾರಿದ್ದರಿಂದ ನನ್ನ ಅರ್ಧ ಭಾರ ಇಳಿಯಿತು. ಕೇಳಿಸಿದವಳ ಹಾಗೆ ತಲೆ ಆಡಿಸುವ ಕೆಲಸ ಎಕ್ಸ್‌ಚೇಂಜಿನ ಕೆಲಸಕ್ಕಿಂತ ಕಷ್ಟದ್ದು, ಅದಕ್ಕೆ ನಿವೃತ್ತಿಯೂ ಇರಲಿಲ್ಲ. ನಿನ್ನೆ ಮನೆಯ ಯಜಮಾನರಿಗೆ ಖಾಲಿ ಮಾಡುತ್ತೇನೆ ಅಂತ ಹೇಳಿದೆ. ಅವರು ಏನೋ ಕೇಳಿದರು. ನನಗೆ ಕಿವಿ ಕೇಳಿಸುವುದಿಲ್ಲ, ಬರೆದು ತೋರಿಸಿ ಅಂದೆ. ಎಷ್ಟು ಸುಲಭವಾಗಿ ಬಾಯಿಗೆ ಬಂತು ಅಂತೀಯ. ಅವರು ಬರೆದದ್ದು, ಬುಟ್ಟಿ ಬಿಟ್ಟು ಹೋಗುತ್ತೀರಾ ಅಂತ. ಬಿಟ್ಟೇ ಹೋಗುತ್ತೇನೆ.

ನಿನ್ನ ಹೆಂಡತಿಗೆ ಹೇಳು, ಅವಳ ಸೈಕಲ್ಲಿನ ಸೀಟು ನನ್ನ ಅಳತೆಗೆ ಇಳಿಯುತ್ತದೋ ನೋಡಲಿ. ಈಗಲೇ ಅಂತ ಅಲ್ಲ. ಗಾಬರಿಯಾಗಬೇಡ.

ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ. ಸ್ಟೇಷನ್ನಿಗೆ ಕಾರು ತಾ, ಪೆಟ್ಟಿಗೆಗಳಿವೆ. ಆದರೆ ಮಾರುಕಟ್ಟೆ ಸುತ್ತಿ ಬಾಗಿಲಿಗೆ ತರಬೇಡ. ಕುಂಡಗಳ ಹತ್ತಿರ ಮುಖ್ಯರಸ್ತೆಯಲ್ಲೇ ನನ್ನನ್ನು ಇಳಿಸು. ಅಲ್ಲಿಂದ ಮನೆಯವರೆಗೆ ನಾನು ನಡೆದು ಬರುತ್ತೇನೆ, ರಸ್ತೆಯ ನಟ್ಟನಡುವೆ, ಹಿಂದೆ ತಿರುಗಿ ನೋಡದೆ. ನೀನು ನನ್ನ ಹಿಂದೆ ಬರಬಹುದು. ತೋಳು ಹಿಡಿಯಬೇಡ.

ಏನಾದರೂ ಹೇಳುವುದಿದ್ದರೆ ಮುಂದೆ ಬಂದು ಹೇಳು.

ನಿನ್ನ ಅಕ್ಕ